ರಜೆಗೆ ಹೊರಡೋ ಮುಂಚೆ ಕಾರ್ ಇನ್ಶೂರೆನ್ಸ್: ಎಲ್ಲಿ ದುಡ್ಡು ಉಳಿಸ್ಬೇಕು, ಎಲ್ಲಿ ಉಳಿಸ್ಬಾರದು

ದಸರಾ ರಜೆ, ಕ್ರಿಸ್‌ಮಸ್ ರಜೆ, ಆಮೇಲೆ ಏಪ್ರಿಲ್ ಮೇ. ಮನೆ ಮಂದಿ ಎಲ್ಲ ಒಟ್ಟಿಗೆ ಹೊರಡೋಕೆ ಸಿಗೋದೇ ಇಷ್ಟು ಟೈಮು. ಅದಕ್ಕೆ ಹೋಂಸ್ಟೇ ಹುಡುಕೋಕೆ ವಾರಗಟ್ಟಲೆ ಕೂರ್ತೀವಿ, ಒಂದೊಂದು ರಿವ್ಯೂನೂ ಓದ್ತೀವಿ, ಐನೂರು ರೂಪಾಯಿಗೆ ಚೌಕಾಸಿ ಮಾಡ್ತೀವಿ, ಆದ್ರೆ ಅಜ್ಜಿ ತಾತ ಮಕ್ಕಳನ್ನೆಲ್ಲ ಕೂರಿಸ್ಕೊಂಡು ಶಿರಾಡಿ ಘಾಟ್ ಇಳಿಯೋ ಕಾರಿನ ಇನ್ಶೂರೆನ್ಸ್ ವಿಷಯ ಬಂದ್ರೆ ಮಾತ್ರ ಕೊನೇ ದಿನ ಮೆಸೇಜ್ ಬಂದಾಗ ಎರಡು ನಿಮಿಷದಲ್ಲಿ ಯಾವ್ದು ಕಮ್ಮಿ ತೋರಿಸ್ತೋ ಅದಕ್ಕೆ ದುಡ್ಡು ಕಟ್ಟಿ ಮುಗಿಸ್ಬಿಡ್ತೀವಿ. ನನ್ ಪ್ರಕಾರ ಇದು ಪೂರ್ತಿ ಉಲ್ಟಾ ಆಗ್ಬೇಕು. ಇನ್ಶೂರೆನ್ಸ್‌ನಲ್ಲಿ ದುಡ್ಡು ಉಳಿಸೋಕೆ ನಿಜವಾಗ್ಲೂ ಜಾಗ ಇದೆ, ಆದ್ರೆ ಅದು ಎಲ್ಲಿದೆ ಅಂತ ಗೊತ್ತಿರ್ಬೇಕು, ಇಲ್ಲಾಂದ್ರೆ ಉಳಿಸ್ಬಾರದ ಕಡೆ ಉಳಿಸ್ತೀವಿ. ಟ್ರಿಪ್‌ಗೆ ಒಂದು ತಿಂಗ್ಳು ಇರೋವಾಗ ಒಂದು ಸಂಜೆ ಕೂತು ಕೆಳಗಿರೋದನ್ನ ಮಾಡಿ. ಇನ್ಶೂರೆನ್ಸ್ ಆದ ಮೇಲೆ ಕಾರಲ್ಲೋ ಕ್ರೂಸಲ್ಲೋ ಹೋಗೋರಿಗೆ ಟ್ರಿಪ್ ಬಗ್ಗೆನೂ ಒಂದಿಷ್ಟು ಹೇಳಿದೀನಿ.

ಮೊದ್ಲು ಹಳೇ ಪಾಲಿಸಿ ತೆಗೀರಿ

ಮೇಲ್‌ನಲ್ಲಿರೋ ಪಿಡಿಎಫ್ ತೆಗೆದು ನಾಕು ವಿಷಯ ಒಂದು ಚೀಟಿಗೆ ಬರ್ಕೊಳ್ಳಿ: ಯಾವತ್ತು ಮುಗಿಯತ್ತೆ, ಐಡಿವಿ (ಗಾಡಿ ಪೂರ್ತಿ ಹೋದ್ರೆ ಸಿಗೋ ದುಡ್ಡು) ಎಷ್ಟು, ಎನ್‌ಸಿಬಿ (ಕ್ಲೈಮ್ ಮಾಡದೇ ಇದ್ದಿದ್ದಕ್ಕೆ ಬಿಡೋ ಡಿಸ್ಕೌಂಟ್) ಎಷ್ಟು ಪರ್ಸೆಂಟ್, ಯಾವ್ಯಾವ ಆಡ್ ಆನ್ (ಜಾಸ್ತಿ ದುಡ್ಡು ಕೊಟ್ಟು ಸೇರಿಸ್ಕೊಳ್ಳೋ ಕವರ್) ಇದೆ. ಟ್ರಿಪ್ ನಡುವೆಯೇ ಪಾಲಿಸಿ ಮುಗಿಯೋ ಹಾಗಿದ್ರೆ ಹೊರಡೋಕ್ ಮುಂಚೆನೇ ರಿನ್ಯೂ ಮಾಡ್ಬಿಡಿ, ಮುಂಚೆ ಮಾಡಿದ್ರೆ ಏನೂ ನಷ್ಟ ಇಲ್ಲ, ಹೊಸ ಪಾಲಿಸಿ ಹಳೇದು ಮುಗಿದ ಮೇಲೇನೇ ಶುರುವಾಗತ್ತೆ. ಒಂದು ದಿನ ತಪ್ಪಿದ್ರೂ ಕಾರನ್ನ ಮತ್ತೆ ಫೋಟೋ ವಿಡಿಯೋ ತೆಗೆದು ಇನ್ಸ್‌ಪೆಕ್ಷನ್ ಮಾಡಿಸ್ಬೇಕಾಗತ್ತೆ, ಆ ಮಧ್ಯದ ದಿನಗಳಲ್ಲಿ ಏನಾದ್ರೂ ಆದ್ರೆ ಪೂರ್ತಿ ನಮ್ ಕೈಯಿಂದ್ಲೇ. 90 ದಿನ ದಾಟಿದ್ರೆ ಅಷ್ಟು ವರ್ಷ ಕೂಡಿಟ್ಟ ಎನ್‌ಸಿಬಿ ಕೂಡ ಹೋಗ್ಬಿಡತ್ತೆ. ಇನ್ಶೂರೆನ್ಸ್ ಇಲ್ದೇ ಗಾಡಿ ಓಡಿಸೋದಕ್ಕೆ ಮೋಟಾರ್ ವಾಹನ ಕಾಯ್ದೆ ಪ್ರಕಾರ ಮೊದಲ ಸಲಕ್ಕೆ 2000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ, ಎರಡನೇ ಸಲಕ್ಕೆ 4000. ಆದ್ರೆ ದಂಡಕ್ಕಿಂತ ದೊಡ್ಡ ಭಯ ಬೇರೆ, ಯಾರಿಗಾದ್ರೂ ಪೆಟ್ಟಾದ್ರೆ ಪರಿಹಾರ ಕೊಡೋಕೆ ಮನೆ ಸೈಟು ಮಾರೋ ಪರಿಸ್ಥಿತಿ ಬರಬಹುದು.

ಪ್ರೀಮಿಯಂ ಅನ್ನೋದು ಎರಡು ಭಾಗ

ಇದು ಅರ್ಥ ಆದ್ರೆ ಅರ್ಧ ಕೆಲ್ಸ ಮುಗೀತು. ಒಂದು ಥರ್ಡ್ ಪಾರ್ಟಿ, ಅಂದ್ರೆ ನಮ್ ಗಾಡಿಯಿಂದ ಬೇರೆಯವ್ರಿಗೆ ಆದ ಹಾನಿಗೆ. ಇನ್ನೊಂದು ಓನ್ ಡ್ಯಾಮೇಜ್, ನಮ್ ಗಾಡಿಗೆ ಆದ ಹಾನಿಗೆ. ಥರ್ಡ್ ಪಾರ್ಟಿ ರೇಟನ್ನ ಸರ್ಕಾರನೇ ಫಿಕ್ಸ್ ಮಾಡತ್ತೆ, ಯಾವ ಕಂಪನಿ ಹತ್ರ ಹೋದ್ರೂ ಅದೇ ರೇಟು. 2022ರ ಜೂನ್ 1ರಿಂದ ಜಾರಿಗೆ ಬಂದ ದರದ ಪ್ರಕಾರ ಸ್ವಂತ ಕಾರಿಗೆ 1000 ಸಿಸಿ ಒಳಗಾದ್ರೆ ವರ್ಷಕ್ಕೆ 2094 ರೂಪಾಯಿ, 1000ದಿಂದ 1500 ಸಿಸಿಗೆ 3416, ಅದಕ್ಕೂ ಮೇಲೆ 7897. ಇದರ ಮೇಲೆ ಜಿಎಸ್‌ಟಿ 18 ಪರ್ಸೆಂಟ್. ಆದ್ದರಿಂದ ಯಾರಾದ್ರೂ ಏಜೆಂಟ್ ಫೋನ್ ಮಾಡಿ ಥರ್ಡ್ ಪಾರ್ಟಿಲಿ ಡಿಸ್ಕೌಂಟ್ ಕೊಡಿಸ್ತೀನಿ ಸಾರ್ ಅಂದ್ರೆ ಆ ಫೋನ್ ಅಲ್ಲೇ ಇಟ್ಬಿಡಿ. ಓನ್ ಡ್ಯಾಮೇಜ್ ರೇಟು ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ ಬೇರೆ, ಚೌಕಾಸಿ ನಡೆಯೋದು ಅಲ್ಲೇ.

ಇದರ ಜೊತೆ ಮಾಲೀಕ ಚಾಲಕನಿಗೆ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಕಡ್ಡಾಯ. ಆದ್ರೆ ನಿಮ್ ಹತ್ರ ಆಗ್ಲೇ ಬೈಕಿನ ಪಾಲಿಸಿ ಜೊತೆಗೋ ಅಥ್ವಾ ಬೇರೆ ಕಡೆಯೋ 15 ಲಕ್ಷದ ಅಪಘಾತ ವಿಮೆ ಇದ್ರೆ ಮತ್ತೆ ತಗೋಬೇಕಿಲ್ಲ, ಡಿಕ್ಲರೇಷನ್ ಕೊಟ್ರೆ ಸಾಕು. ಎಷ್ಟೋ ಮನೇಲಿ ಎರಡು ಗಾಡಿಗೂ ಬೇರೆ ಬೇರೆ ಅಂತ ಎರಡು ಸಲ ಕಟ್ತಿರ್ತಾರೆ. ಜೊತೇಲಿ ಕೂರೋ ಮನೆಯವ್ರಿಗೆ ಮಾತ್ರ ಇದು ಬರಲ್ಲ, ಅವರಿಗೆ ಪ್ಯಾಸೆಂಜರ್ ಕವರ್ ಅಂತ ಬೇರೆ ಇದೆ, ರೇಟು ಕಮ್ಮಿನೇ, ಫ್ಯಾಮಿಲಿ ಜೊತೆ ಓಡಾಡೋರು ಇದನ್ನ ಕೇಳಿ ಹಾಕಿಸ್ಕೊಳ್ಳಿ.

ಐಡಿವಿ ಇಳಿಸಿ ರೇಟ್ ಕಮ್ಮಿ ತೋರಿಸೋದನ್ನ ಗಮನಿಸಿ

ಐಡಿವಿ ಅಂದ್ರೆ ಗಾಡಿ ಕಳುವಾದ್ರೆ ಅಥ್ವಾ ಪೂರ್ತಿ ನುಜ್ಜುಗುಜ್ಜಾದ್ರೆ ಕಂಪನಿ ಕೊಡೋ ಹೆಚ್ಚಂದ್ರೆ ಹೆಚ್ಚು ದುಡ್ಡು. ಗಾಡಿ ವಯಸ್ಸಿಗೆ ತಕ್ಕ ಹಾಗೆ ಕಳೀತಾ ಹೋಗ್ತಾರೆ: ಆರು ತಿಂಗಳೊಳಗೆ 5 ಪರ್ಸೆಂಟ್, ಒಂದು ವರ್ಷದೊಳಗೆ 15, ಎರಡು ವರ್ಷದೊಳಗೆ 20, ಮೂರರೊಳಗೆ 30, ನಾಕರೊಳಗೆ 40, ಐದರೊಳಗೆ 50. ಅಂದ್ರೆ 8 ಲಕ್ಷದ ಗಾಡಿ ಮೂರು ವರ್ಷ ದಾಟಿದ್ರೆ ಸುಮಾರು 4 ಲಕ್ಷ 80 ಸಾವಿರ. ಆನ್‌ಲೈನ್‌ನಲ್ಲಿ ಕೋಟ್ ನೋಡೋವಾಗ ಒಬ್ಬರದ್ದು ಒಂದೂವರೆ ಸಾವಿರ ಕಮ್ಮಿ ಕಾಣಿಸ್ತು ಅಂದ್ರೆ ಮೊದ್ಲು ಐಡಿವಿ ನೋಡಿ, ಬಹಳ ಸಲ ಅಲ್ಲಿ ನಾಕು ಲಕ್ಷಕ್ಕೆ ಇಳಿಸಿರ್ತಾರೆ. ರಿಪೇರಿ ಖರ್ಚು ಐಡಿವಿಯ 75 ಪರ್ಸೆಂಟ್ ದಾಟಿದ್ರೆ ಗಾಡಿನ ಟೋಟಲ್ ಲಾಸ್ ಅಂತ ಲೆಕ್ಕ ಹಾಕ್ತಾರೆ, ಆಗ ಆ ಎಂಬತ್ತು ಸಾವಿರ ಹೋಯ್ತಲ್ಲ ಅಂತ ಹೊಟ್ಟೆ ಉರಿಯತ್ತೆ. ಎಲ್ಲ ಕಂಪನಿಯದ್ದೂ ಒಂದೇ ಐಡಿವಿಗೆ ಹಾಕಿ ಆಮೇಲೆ ರೇಟ್ ಹೋಲಿಸಿ, ಬೇರೆ ದಾರಿನೇ ಇಲ್ಲ.

ಎನ್‌ಸಿಬಿ, ಇದನ್ನ ಕಾಪಾಡ್ಕೊಳ್ಳಿ

ದುಡ್ಡು ಉಳಿಸೋ ನಿಜವಾದ ಜಾಗ ಇದೇ. ಒಂದು ವರ್ಷ ಕ್ಲೈಮ್ ಮಾಡ್ಲಿಲ್ಲ ಅಂದ್ರೆ ಮುಂದಿನ ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 20 ಪರ್ಸೆಂಟ್ ಬಿಡ್ತಾರೆ, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಒಂದೇ ಒಂದು ಕ್ಲೈಮ್ ಮಾಡಿದ್ರೂ ಮತ್ತೆ ಸೊನ್ನೆ.

ಲೆಕ್ಕ ಹಾಕೋಣ. ನಿಮ್ ಓನ್ ಡ್ಯಾಮೇಜ್ ಪ್ರೀಮಿಯಂ 10,000 ಅನ್ಕೊಳ್ಳಿ, ನೀವು 50 ಪರ್ಸೆಂಟ್‌ನಲ್ಲಿದೀರ, ಕಟ್ತಿರೋದು 5000. ಯಾರೋ ಪಾರ್ಕಿಂಗ್‌ನಲ್ಲಿ ಹಿಂದಿನ ಬಂಪರ್‌ಗೆ ಗೀರು ಹಾಕಿ ಹೋದ್ರು, ಪೇಂಟ್‌ಗೆ 6000 ಬಿಲ್. ಇನ್ಶೂರೆನ್ಸ್ ಇದೆಯಲ್ಲ ಅಂತ ಕ್ಲೈಮ್ ಮಾಡಿದ್ರೆ ಮುಂದಿನ ವರ್ಷ 10,000 ಕಟ್ಬೇಕು, 5000 ಜಾಸ್ತಿ. ಅದರ ಮುಂದಿನ ವರ್ಷ 20 ಪರ್ಸೆಂಟ್ ಸಿಗತ್ತೆ, ಆಗ್ಲೂ 3000 ಜಾಸ್ತಿ, ಆಮೇಲೆ 2500, ಆಮೇಲೆ 1500, ಆಮೇಲೆ 500. ಒಟ್ಟು 12,500. ಇದು ಸಾಲ್ದು ಅಂತ ಪ್ರತಿ ಕ್ಲೈಮ್‌ಗೂ 1500 ಸಿಸಿ ಒಳಗಿನ ಕಾರಿಗೆ 1000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್‌ಗೆ 2000 ಹೇಗಿದ್ರೂ ನಾವೇ ಕೊಡ್ಬೇಕು. ಅಂದ್ರೆ ಕೈಗೆ ಬಂದಿದ್ದು 5000, ಹೋಗಿದ್ದು 12,500. ವರ್ಷ ಕಳೆದ ಹಾಗೆ ಐಡಿವಿ ಇಳಿದು ಪ್ರೀಮಿಯಂ ಕೂಡ ಇಳಿಯೋದ್ರಿಂದ ನಿಜವಾದ ಮೊತ್ತ ಸ್ವಲ್ಪ ಕಮ್ಮಿ ಇರ್ಬಹುದು, ಆದ್ರೂ ಸಣ್ಣ ಗೀರಿಗೆ ಕ್ಲೈಮ್ ಮಾಡೋದು ನಷ್ಟದ ವ್ಯವಹಾರನೇ. ಶೋರೂಂನಲ್ಲಿ ಕ್ಲೈಮ್ ಹಾಕ್ಬಿಡೋಣ ಸಾರ್ ಅಂತ ಸಲೀಸಾಗಿ ಹೇಳ್ತಾರೆ, ಬಿಲ್ ಎಸ್ಟಿಮೇಟ್ ಕೈಗೆ ಬರೋವರೆಗೂ ಹೂಂ ಅನ್ಬೇಡಿ.

ಇನ್ನೊಂದು ವಿಷ್ಯ ತುಂಬಾ ಜನಕ್ಕೆ ಗೊತ್ತಿರಲ್ಲ. ಎನ್‌ಸಿಬಿ ಗಾಡಿಗಲ್ಲ, ಮಾಲೀಕನಿಗೆ ಸೇರಿದ್ದು. ಹಳೇ ಕಾರು ಮಾರಿ ಹೊಸದು ತಗೊಳ್ಳೋವಾಗ ಹಳೇ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಸರ್ಟಿಫಿಕೇಟ್ ತಗೊಂಡ್ರೆ ಹೊಸ ಕಾರಿಗೆ ಆ 50 ಪರ್ಸೆಂಟ್ ಹಾಗೇ ಬರತ್ತೆ, ಮೂರು ವರ್ಷದೊಳಗೆ ಉಪಯೋಗಿಸ್ಬಹುದು. ಹೊಸ ಕಾರಿನ ಪ್ರೀಮಿಯಂ ದೊಡ್ಡದಿರತ್ತೆ ನೋಡಿ, ಅಲ್ಲಿ ಉಳಿಯೋ ದುಡ್ಡಲ್ಲಿ ಒಂದು ಸಣ್ಣ ಟ್ರಿಪ್ಪೇ ಆಗೋಗತ್ತೆ. ಹಾಗಂತ ಕ್ಲೈಮ್ ಮಾಡಿ ಮಾಡಿಲ್ಲ ಅಂತ ಸುಳ್ಳು ಹೇಳಿ ಎನ್‌ಸಿಬಿ ತಗೋಬೇಡಿ, ಮುಂದೆ ದೊಡ್ಡ ಕ್ಲೈಮ್ ಬಂದಾಗ ಅದೇ ಕಾರಣಕ್ಕೆ ತಿರಸ್ಕಾರ ಮಾಡ್ತಾರೆ.

ಆಡ್ ಆನ್ ಯಾವ್ದು ಬೇಕು ಅನ್ನೋದು ನೀವು ಓಡಿಸೋ ರಸ್ತೆ ಮೇಲಿದೆ

ಝೀರೋ ಡೆಪ್, ಜನ ಬಂಪರ್ ಟು ಬಂಪರ್ ಅಂತಾರಲ್ಲ ಅದು, ಐದು ವರ್ಷದೊಳಗಿನ ಕಾರಿಗೆ ಖಂಡಿತ ಹಾಕಿಸಿ. ಇಲ್ದಿದ್ರೆ ಪ್ಲಾಸ್ಟಿಕ್ ರಬ್ಬರ್ ಭಾಗಗಳಿಗೆ 50 ಪರ್ಸೆಂಟ್ ಸವಕಳಿ ಅಂತ ಕಳೆದೇ ಕೊಡೋದು, ಫೈಬರ್‌ಗೆ 30, ಗಾಜಿಗೆ ಮಾತ್ರ ಕಳೆಯಲ್ಲ. ಈಗಿನ ಕಾರಿನ ಮುಂಭಾಗ ಪೂರ್ತಿ ಪ್ಲಾಸ್ಟಿಕ್ಕೇ ಅಲ್ವಾ. ವರ್ಷಕ್ಕೆ ಎಷ್ಟು ಕ್ಲೈಮ್‌ಗೆ ಝೀರೋ ಡೆಪ್ ಅನ್ವಯ ಆಗತ್ತೆ ಅಂತ ಮಾತ್ರ ಕೇಳ್ಕೊಳ್ಳಿ.

ಎಂಜಿನ್ ಪ್ರೊಟೆಕ್ಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ನಮ್ ಕಡೆ ಇದು ಬೇಕೇ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ಮುಳುಗಿದ್ದು ಎಲ್ರೂ ನೋಡಿದೀವಿ. ಪ್ರವಾಹಕ್ಕೆ ಕವರ್ ಇದೆಯಲ್ಲ ಅಂದ್ರೆ ಹೌದು, ಫುಲ್ ಇನ್ಶೂರೆನ್ಸ್‌ನಲ್ಲಿ ಪ್ರವಾಹ ಸೇರಿದೆ, ಆದ್ರೆ ಎಂಜಿನ್ ಒಳಗೆ ನೀರು ಹೋಗಿ, ಆ ನೀರಿರೋವಾಗ್ಲೇ ಸ್ಟಾರ್ಟ್ ಮಾಡಿ ಪಿಸ್ಟನ್ ರಾಡ್ ಬಗ್ಗಿದ್ರೆ ಅದನ್ನ ಪ್ರವಾಹದ ಹಾನಿ ಅಂತ ಒಪ್ಪಲ್ಲ, ಓಡಿಸಿದವರ ತಪ್ಪಿನಿಂದ ಆದ ಹಾನಿ ಅಂತಾರೆ. ಎಂಜಿನ್ ಬಿಲ್ ಲಕ್ಷದ ಮೇಲೆ ಹೋಗತ್ತೆ. ಎಂಜಿನ್ ಪ್ರೊಟೆಕ್ಟ್ ಇದ್ರೆ ಇದು ಬರತ್ತೆ. ಅದು ಇರ್ಲಿ ಬಿಡ್ಲಿ, ಅಂಡರ್‌ಪಾಸ್‌ನಲ್ಲೋ ಮಳೆಗಾಲದಲ್ಲಿ ಉಡುಪಿ ಕುಂದಾಪುರ ಕಡೆ ನೀರು ನಿಂತ ರಸ್ತೇಲೋ ಗಾಡಿ ನಿಂತೋಯ್ತು ಅಂದ್ರೆ ಇನ್ನೊಂದು ಸಲ ಕೀ ತಿರುಗಿಸ್ಬೇಡಿ. ಮನೆಯವ್ರನ್ನ ಮೊದ್ಲು ಇಳಿಸಿ ಎತ್ತರದ ಜಾಗಕ್ಕೆ ಕಳಿಸಿ, ಆಮೇಲೆ ಗಾಡಿನ ತಳ್ಳಿಸಿ ಅಥ್ವಾ ಟೋ ಮಾಡಿಸಿ ಗ್ಯಾರೇಜ್‌ಗೆ ಸೇರಿಸಿ. ನೀರು ಗಾಲಿಯ ಅರ್ಧಕ್ಕಿಂತ ಮೇಲೆ ಕಾಣಿಸ್ತಿದ್ರೆ ಇಳಿಸ್ಲೇಬೇಡಿ, ಮುಂದಿನವ್ರು ಹೋದ್ರು ಅಂತ ನಾವೂ ಹೋಗೋದು ಬೇಡ.

ರೋಡ್‌ಸೈಡ್ ಅಸಿಸ್ಟೆನ್ಸ್ ಕಡಿಮೆ ರೇಟಿನದು, ತಗೊಳ್ಳಿ, ಆದ್ರೆ ಎಷ್ಟು ಕಿಲೋಮೀಟರ್‌ವರೆಗೆ ಉಚಿತ ಟೋಯಿಂಗ್ ಅಂತ ಓದಿ. ಬೆಂಗಳೂರಲ್ಲಿ ನಿಂತ್ರೆ ಏನೋ ಆಗತ್ತೆ, ಕೊಟ್ಟಿಗೆಹಾರದಲ್ಲಿ ರಾತ್ರಿ ನಿಂತ್ರೆ ಹತ್ತಿರದ ಒಳ್ಳೇ ಗ್ಯಾರೇಜ್ ಎಷ್ಟು ದೂರ ಅಂತ ಯೋಚ್ನೆ ಮಾಡಿ. ಹೊಸ ಕಾರಿಗೆ ಇನ್‌ವಾಯ್ಸ್ ಕವರ್ (ಗಾಡಿ ಪೂರ್ತಿ ಹೋದ್ರೆ ಐಡಿವಿ ಬದ್ಲು ಕೊಂಡಾಗಿನ ಬಿಲ್ ಮೊತ್ತ ಕೊಡೋದು) ಒಳ್ಳೇದು, ಹತ್ತು ವರ್ಷದ ಕಾರಿಗೆ ಇಂಥದ್ದೆಲ್ಲ ಬೇಡ. ಕೀ ಕಳೆದೋದ್ರೆ, ಲಗೇಜ್ ಕಳೆದೋದ್ರೆ ಅನ್ನೋ ಸಣ್ಣಪುಟ್ಟ ಆಡ್ ಆನ್‌ಗಳನ್ನ ನಾನು ತೆಗೆದೇ ಹಾಕ್ತೀನಿ.

ಕೋಟ್ ಹೋಲಿಸೋದು

ಒಂದು ಹೋಲಿಕೆ ವೆಬ್‌ಸೈಟ್ ನೋಡಿ, ಎರಡು ಕಂಪನಿ ಸ್ವಂತ ವೆಬ್‌ಸೈಟ್ ನೋಡಿ, ಈಗಿನ ಕಂಪನಿಗೆ ಫೋನ್ ಮಾಡಿ. ಎಲ್ಲ ಕಡೆ ಅದೇ ಐಡಿವಿ, ಅದೇ ಆಡ್ ಆನ್. ಈಗಿನ ಕಂಪನಿಗೆ ಬೇರೆಯವ್ರ ರೇಟ್ ಹೇಳಿದ್ರೆ ಬಹಳ ಸಲ ಇಳಿಸ್ತಾರೆ. ಅದಾದ ಮೇಲೆ ನಿಮ್ ಊರಲ್ಲಿ, ನೀವು ಹೋಗೋ ಊರಲ್ಲಿ ಕ್ಯಾಶ್‌ಲೆಸ್ ಗ್ಯಾರೇಜ್ (ಕ್ಲೈಮ್ ದುಡ್ಡನ್ನ ಕಂಪನಿನೇ ನೇರವಾಗಿ ಕಟ್ಟೋ ಗ್ಯಾರೇಜ್) ಪಟ್ಟಿ ನೋಡಿ, ಹಾಸನ, ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ ಅಂತ ಒಂದೊಂದೇ ಹಾಕಿ ನೋಡಿದ್ರೆ ಗೊತ್ತಾಗತ್ತೆ. ಐನೂರು ರೂಪಾಯಿ ವ್ಯತ್ಯಾಸ ಇದ್ರೆ ಗ್ಯಾರೇಜ್ ಜಾಸ್ತಿ ಇರೋದನ್ನೇ ತಗೊಳ್ಳಿ. ಪಾಲಿಸಿ ಬಂದ ಮೇಲೆ ಹೆಸರು, ಗಾಡಿ ನಂಬರ್, ಚಾಸಿಸ್ ನಂಬರ್, ಗಾಡಿಗೆ ಸಿಎನ್‌ಜಿ ಕಿಟ್ ಹಾಕ್ಸಿದ್ರೆ ಅದು ನಮೂದಾಗಿದ್ಯಾ ಅಂತ ನೋಡಿ. ಸೆಕೆಂಡ್ ಹ್ಯಾಂಡ್ ಕಾರು ತಗೊಂಡೋರು ಆರ್‌ಸಿ ಜೊತೆಗೆ ಪಾಲಿಸಿನೂ ನಿಮ್ ಹೆಸರಿಗೆ 14 ದಿನದೊಳಗೆ ಮಾಡಿಸ್ಕೊಳ್ಳಿ, ಇಲ್ಲಾಂದ್ರೆ ನಿಮ್ ಗಾಡಿಗೆ ಆದ ಹಾನಿ ಬರೋದು ಕಷ್ಟ.

ಈಗ ಟ್ರಿಪ್‌ಗೆ ಬರೋಣ, ಕಾರಲ್ಲಿ ಹೋಗೋರಿಗೆ

ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಡಿಎಲ್ ಎಲ್ಲಾನೂ ಡಿಜಿಲಾಕರ್‌ನಲ್ಲಿ ಹಾಕ್ಕೊಳ್ಳಿ, ಪೊಲೀಸ್ರು ಅದನ್ನ ಒಪ್ಪಲೇಬೇಕು. ಸ್ಟೀರಿಂಗ್ ಹಿಡಿಯೋ ಪ್ರತಿಯೊಬ್ರ ಡಿಎಲ್ ಜೀವಂತ ಇದೆಯಾ ನೋಡಿ. ಮಾವನವ್ರು ನಾನೂ ಸ್ವಲ್ಪ ಓಡಿಸ್ತೀನಿ ಅಂತಾರೆ, ಅವರ ಡಿಎಲ್ ಮುಗಿದು ಎರಡು ವರ್ಷ ಆಗಿರತ್ತೆ, ಆಗ ಏನಾದ್ರೂ ಆದ್ರೆ ಕ್ಲೈಮ್ ಹೋಯ್ತು ಅಂತಾನೇ ಲೆಕ್ಕ. ಹಿರಿಯರಿಗೆ ಬೇಜಾರಾಗ್ದಿರೋ ಹಾಗೆ ಹೊರಡೋ ಮುಂಚೆನೇ ಕೇಳ್ಬಿಡಿ.

ಜನ ಜಾಸ್ತಿ ಇದಾರೆ, ದೊಡ್ಡ ಗಾಡಿ ಬಾಡಿಗೆಗೆ ಬೇಕು ಅಂದ್ರೆ ಹಳದಿ ಬೋರ್ಡ್ ಗಾಡಿನೇ ತಗೊಳ್ಳಿ, ನೀವೇ ಓಡಿಸೋದಾದ್ರೆ ಕಪ್ಪು ಬೋರ್ಡ್ ಮೇಲೆ ಹಳದಿ ಅಕ್ಷರ ಇರೋ ಸೆಲ್ಫ್ ಡ್ರೈವ್ ಗಾಡಿ. ಪರಿಚಯದವ್ರ ವೈಟ್ ಬೋರ್ಡ್ ಇನ್ನೋವಾ ದಿನಕ್ಕೆ ಎರಡು ಸಾವಿರ ಕಮ್ಮಿಗೆ ಸಿಗತ್ತೆ ಅಂತ ಹೋಗ್ಬೇಡಿ, ಸ್ವಂತ ಬಳಕೆ ಪಾಲಿಸಿ ಇರೋ ಗಾಡಿನ ಬಾಡಿಗೆಗೆ ಓಡಿಸಿದ್ರೆ ಕಂಪನಿ ಕ್ಲೈಮ್ ಕೊಡಲ್ಲ, ಒಳಗೆ ಕೂತಿರೋ ಅಷ್ಟೂ ಜೀವದ ಪ್ರಶ್ನೆ ಇದು.

ದಾರಿ ವಿಷ್ಯ. ಜೂನ್‌ನಿಂದ ಸೆಪ್ಟೆಂಬರ್ ಕರಾವಳಿ ಮಲೆನಾಡು ನೋಡೋಕೆ ಎಷ್ಟು ಚಂದನೋ ಅಷ್ಟೇ ಹುಷಾರಾಗಿರ್ಬೇಕು. 2024ರ ಜುಲೈ 16ರಂದು ಅಂಕೋಲಾ ಹತ್ರ ಶಿರೂರಲ್ಲಿ ಹೆದ್ದಾರಿ 66ರ ಮೇಲೇ ಗುಡ್ಡ ಕುಸಿದು ಜನ ಸತ್ತೋದ್ರು, ಅಲ್ಲಿ ಟೀ ಕುಡಿಯೋಕೆ ನಿಂತವ್ರೂ ಇದ್ರು. ಮಳೆ ಜೋರಿದ್ದಾಗ ಶಿರಾಡಿ, ಚಾರ್ಮಾಡಿ, ಸಂಪಾಜೆ ಯಾವ್ದು ತೆರೆದಿದೆ ಅಂತ ಆವತ್ತಿನ ಬೆಳಿಗ್ಗೆ ಸುದ್ದಿ ನೋಡಿ ಹೊರಡಿ, ಘಾಟಲ್ಲಿ ಕತ್ತಲಾದ ಮೇಲೆ ಬೇಡ, ಗುಡ್ಡ ಕಡಿದ ಜಾಗದಲ್ಲಿ ಗಾಡಿ ನಿಲ್ಲಿಸೋದಂತೂ ಬೇಡ್ವೇ ಬೇಡ. ಗುಂಡ್ಲುಪೇಟೆ ದಾಟಿ ವಯನಾಡೋ ಊಟಿಯೋ ಅಂದ್ರೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡಲ್ಲ. ಊಟಿಗೆ 2024ರ ಮೇ 7ರಿಂದ ಇ ಪಾಸ್ ಬೇರೆ ಬೇಕು, ಮನೇಲೇ ಮಾಡ್ಕೊಂಡು ಹೊರಡಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ಬೋಟ್ ಇರಲ್ಲ, ಮಕ್ಕಳಿಗೆ ಆಸೆ ತೋರಿಸೋಕ್ ಮುಂಚೆ ನೋಡ್ಕೊಳ್ಳಿ.

ಟೋಲ್ ಖರ್ಚು: 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ, ಶುರುವಾದಾಗ 3000 ರೂಪಾಯಿ ಇತ್ತು, 200 ಟ್ರಿಪ್ ಅಥ್ವಾ ಒಂದು ವರ್ಷ, ಯಾವ್ದು ಮೊದ್ಲೋ ಅದು. ರಾಷ್ಟ್ರೀಯ ಹೆದ್ದಾರಿ ಟೋಲ್‌ಗೆ ಮಾತ್ರ, ರಾಜ್ಯ ಹೆದ್ದಾರಿ ಟೋಲ್‌ಗೆ ನಡೆಯಲ್ಲ. ಊರು ಮಂಗಳೂರು ಕೆಲಸ ಬೆಂಗಳೂರು ಅನ್ನೋರಿಗೆ ಲಾಭನೇ, ವರ್ಷಕ್ಕೊಂದು ಸಲ ಹೋಗೋರು ಲೆಕ್ಕ ಹಾಕಿ.

ಕ್ರೂಸ್ ಹೋಗೋ ಆಸೆ ಇದ್ರೆ

ಮುಂಬೈನಿಂದ ಗೋವಾ, ಲಕ್ಷದ್ವೀಪ ಕಡೆಗೆ ಕಾರ್ಡೇಲಿಯಾ ಹಡಗು 2021ರ ಸೆಪ್ಟೆಂಬರ್‌ನಿಂದ ಶುರುವಾಯ್ತು, ಅದಾದ ಮೇಲೆ ನಮ್ ಕಡೆ ಮದುವೆ ವಾರ್ಷಿಕೋತ್ಸವಕ್ಕೆಲ್ಲ ಜನ ಹಡಗು ಹತ್ತೋದು ಶುರು ಮಾಡಿದಾರೆ. ಜಾಹೀರಾತಲ್ಲಿ ಕಾಣೋ ರೇಟು ಒಬ್ಬರಿಗೆ, ಅದೂ ಇಬ್ಬರು ಒಂದೇ ಕ್ಯಾಬಿನ್‌ನಲ್ಲಿದ್ರೆ. ಅದರ ಮೇಲೆ ಪೋರ್ಟ್ ಚಾರ್ಜ್, ಸರ್ವಿಸ್ ಚಾರ್ಜ್, ಜಿಎಸ್‌ಟಿ ಸೇರತ್ತೆ, ಆದ್ರಿಂದ ಪೇಮೆಂಟ್ ಪೇಜ್‌ವರೆಗೂ ಹೋಗಿ ಕೊನೇ ಮೊತ್ತ ನೋಡಿ ಆಮೇಲೆ ರೆಸಾರ್ಟ್ ಜೊತೆ ಹೋಲಿಸಿ. ಊಟ ತಿಂಡಿ ರೇಟಲ್ಲೇ ಸೇರಿರತ್ತೆ, ಡ್ರಿಂಕ್ಸ್, ವೈಫೈ, ಸ್ಪಾ, ದಡಕ್ಕೆ ಇಳಿದು ಸುತ್ತೋ ಟೂರ್ ಬೇರೆ. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಕಮ್ಮಿ ರೇಟು. ಎರಡು ರಾತ್ರಿಗೆ ಅದೇ ಸಾಕು, ಹಗಲೆಲ್ಲ ಹೇಗಿದ್ರೂ ಡೆಕ್ ಮೇಲೇ ಇರ್ತೀರ. ತಲೆ ಸುತ್ತೋ ಸ್ವಭಾವದವ್ರು ಇದ್ರೆ ಹಡಗಿನ ನಡುಭಾಗದ, ಕೆಳಗಿನ ಡೆಕ್‌ನ ಕ್ಯಾಬಿನ್ ಕೇಳಿ, ಅಲ್ಲಿ ಓಲಾಟ ಕಮ್ಮಿ. ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಒರಟಾಗಿರತ್ತೆ, ನವೆಂಬರ್‌ನಿಂದ ಮಾರ್ಚ್ ಒಳ್ಳೇ ಟೈಮು. ಲಕ್ಷದ್ವೀಪದಲ್ಲಿ ಹಡಗು ದೂರ ನಿಂತು ಸಣ್ಣ ದೋಣೀಲಿ ದಡಕ್ಕೆ ಕರ್ಕೊಂಡು ಹೋಗ್ತಾರೆ, ಗಾಳಿ ಜೋರಿದ್ರೆ ಇಳಿಯೋದೇ ರದ್ದಾಗ್ಬಹುದು, ಅದಕ್ಕೆ ಮನಸ್ಸು ಸಿದ್ಧ ಇರ್ಲಿ.

ಹಡಗು ಹೊರಡೋ ದಿನವೇ ಮುಂಬೈ ತಲುಪೋ ಹಾಗೆ ಟಿಕೆಟ್ ಮಾಡ್ಬೇಡಿ. ರೈಲೋ ವಿಮಾನನೋ ತಡವಾದ್ರೆ ಹಡಗು ಕಾಯಲ್ಲ, ದುಡ್ಡೂ ವಾಪಸ್ ಬರಲ್ಲ. ಹಿಂದಿನ ದಿನವೇ ಹೋಗಿ ಉಳ್ಕೊಳ್ಳಿ. ರೈಲು ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ತೆರೆಯೋದು, ಆ ದಿನ ಗುರುತು ಮಾಡಿ ಇಟ್ಕೊಳ್ಳಿ. ಸಿಂಗಾಪುರದಿಂದ ಹೊರಡೋ ಕ್ರೂಸ್ ಆದ್ರೆ ವೀಸಾ ನೋಡಿ: ಹಡಗು ಬೇರೆ ದೇಶ ಮುಟ್ಟಿ ವಾಪಸ್ ಸಿಂಗಾಪುರಕ್ಕೇ ಬರೋದ್ರಿಂದ ಎರಡನೇ ಸಲ ಒಳಗೆ ಬರೋಕೂ ಆ ವೀಸಾ ನಡೀಬೇಕು, ನಡುವೆ ಮುಟ್ಟೋ ದೇಶದ ನಿಯಮನೂ ನೋಡ್ಬೇಕು. ಟ್ರಾವೆಲ್ ಇನ್ಶೂರೆನ್ಸ್ ತಗೊಳ್ಳೋವಾಗ ಅಪ್ಪ ಅಮ್ಮನ ಶುಗರ್ ಬಿಪಿ ಮುಚ್ಚಿಡ್ಬೇಡಿ, ಹಡಗಿನ ಡಾಕ್ಟರ್ ಫೀಸು ತುಂಬಾ ದುಬಾರಿ.

ದಾರೀಲಿ ಏನಾದ್ರೂ ಆದ್ರೆ

ಗಾಡಿ ಬದಿಗೆ ತಗೊಂಡು ಹಜಾರ್ಡ್ ಲೈಟ್ ಹಾಕಿ. ಪೆಟ್ಟಾಗಿದ್ರೆ 112, ರಾಷ್ಟ್ರೀಯ ಹೆದ್ದಾರಿ ಆದ್ರೆ 1033ಗೂ ಮಾಡ್ಬಹುದು. ರಸ್ತೆ ಅಪಘಾತದಲ್ಲಿ ಗಾಯ ಆದವ್ರಿಗೆ 2025ರ ಮೇ 5ರಿಂದ ಕೇಂದ್ರದ ಯೋಜನೆಯಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷದ ತನಕ ನಗದುರಹಿತ ಚಿಕಿತ್ಸೆ ಇದೆ, ಆಸ್ಪತ್ರೆಯಲ್ಲಿ ಕೇಳಿ. ಆಮೇಲೆ ಫೋಟೋ: ಎರಡೂ ಗಾಡಿಯ ನಂಬರ್ ಪ್ಲೇಟ್, ಹಾನಿ, ರಸ್ತೆ, ಸುತ್ತಮುತ್ತ. ರಸ್ತೇಲೇ ರಾಜಿ ಮಾಡ್ಕೊಂಡು ದುಡ್ಡು ತಗೊಂಡೋ ಕೊಟ್ಟೋ ಬಂದು ಆಮೇಲೆ ಕ್ಲೈಮ್‌ಗೂ ಹಾಕೋಕೆ ಹೋದ್ರೆ ತಕರಾರು ಬರತ್ತೆ, ಮೊದ್ಲು ಕಂಪನಿಗೆ ಫೋನ್ ಮಾಡಿ ಕ್ಲೈಮ್ ನಂಬರ್ ತಗೊಳ್ಳಿ. ಹಾನಿ ಅಂದಾಜು ಮಾಡೋಕೆ ಕಂಪನಿ ಕಳಿಸೋ ಸರ್ವೆಯರ್ ನೋಡೋವರೆಗೂ ಒಂದು ಬೋಲ್ಟ್ ಬಿಚ್ಚಿಸ್ಬೇಡಿ. ಕಳುವಾದ್ರೆ ತಕ್ಷಣ ಎಫ್‌ಐಆರ್, ಎರಡೂ ಕೀ ಕೇಳ್ತಾರೆ, ಆದ್ರಿಂದ ಎರಡನೇ ಕೀ ಮನೇಲೇ ಇರ್ಲಿ, ಕಾರಿನ ಡ್ಯಾಶ್‌ಬೋರ್ಡ್ ಒಳಗೆ ಬೇಡ.

ಕ್ಲೈಮ್ ತಿರಸ್ಕಾರ ಆದ್ರೆ ಕಾರಣನ ಬರಹದಲ್ಲಿ ಕೇಳಿ, ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಮೊದ್ಲು ಕಂಪನಿಯ ದೂರು ವಿಭಾಗಕ್ಕೆ ಬರೀರಿ, ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐ ಸಂಸ್ಥೆಯ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ಹಾಕ್ಬಹುದು, ಒಂದು ತಿಂಗಳಾದ್ರೂ ಸರಿಯಾದ ಉತ್ತರ ಬರ್ಲಿಲ್ಲ ಅಂದ್ರೆ ಬೆಂಗಳೂರಲ್ಲಿರೋ ವಿಮಾ ಲೋಕಪಾಲರ ಕಚೇರಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಿ. ಫೀಸಿಲ್ಲ, ವಕೀಲರೂ ಬೇಡ, ಪಾಲಿಸಿ ಪ್ರತಿ, ತಿರಸ್ಕಾರದ ಪತ್ರ, ಗ್ಯಾರೇಜ್ ಬಿಲ್, ಫೋಟೋ ಜೋಡಿಸಿ ನಡೆದಿದ್ದನ್ನ ನೇರವಾಗಿ ಒಂದೆರಡು ಪುಟದಲ್ಲಿ ಬರೆದ್ರೆ ಸಾಕು.